ಹೆಸರಿದೆ ಎಂಬ ಹೆಸರಿನವಳು

ತುರ್ಕಿಯಲ್ಲಿ ಹೆಣ್ಣುಮಕ್ಕಳಿಗೆ ಇಡುವ ಹೆಸರುಗಳಲ್ಲಿ 'ಹಾಲಿದೆ' ಎಂಬುದೂ ಒಂದು. ಕನ್ನಡದಲ್ಲಿ ಬರೆದ ಕೂಡಲೇ ಅದರ ಅರ್ಥವೇ ಬದಲಾಗಿಬಿಡುತ್ತದೆ. ನನ್ನ ನೋಟ್‌ಬುಕ್‌ನಲ್ಲಿ ಇದನ್ನು ಓದಿದ ಹಾಸ್ಟೆಲ್ ಗೆಳತಿ, ಹಾಲಿದ್ದರೆ ಕಾಫಿ ಕಾಯಿಸಬಹುದಲ್ಲ ಎಂದು ನಕ್ಕಳು. ನನಗೂ ನಗು ಬಂತು. ಆದರೆ ಈ ಹೆಸರು ಹೊತ್ತ ಒಬ್ಬ ಹೆಣ್ಣುಮಗಳ ಬದುಕನ್ನು ಓದುತ್ತಾ ಹೋದಂತೆ, ಹೆಸರೆಂಬುದು ನಗೆಯಾಡಿ ಬಿಡುವಷ್ಟು ಸಣ್ಣ ಸಂಗತಿಯಲ್ಲ ಅನ್ನಿಸತೊಡಗಿತು.

ಹಾಲಿದೆ ಮೂಲತಃ ಅರಬ್ಬಿ ಹೆಸರು. ನಮ್ಮ ಊರುಗಳಲ್ಲೂ ಕೇಳಿಬರುವ 'ಖಾಲಿದಾ' ಎಂಬ ಹೆಸರೇ ಇದು. ಅಳಿವಿಲ್ಲದವಳು, ಸದಾ ಉಳಿಯುವವಳು ಎಂದು ಅರ್ಥ. ನಮ್ಮ ಅಮೃತಾ, ಶಾಶ್ವತಿ ಎಂಬ ಹೆಸರುಗಳ ನೆಂಟಳು ಎನ್ನಬಹುದು. ತುರ್ಕಿಯವರ ನಾಲಿಗೆಯಲ್ಲಿ 'ಖ' ಮೆತ್ತಗಾಗಿ 'ಹ' ಆಗುತ್ತದೆ, ಕೊನೆಯ 'ಆ' ಎಷ್ಟೋ ಸಲ 'ಎ' ಆಗುತ್ತದೆ. ಹಾಗಾಗಿಯೇ ಆಯಿಷಾ ಅಲ್ಲಿ ಆಯ್ಶೆ, ಖದೀಜಾ ಅಲ್ಲಿ ಹತೀಜೆ, ಖಾಲಿದಾ ಅಲ್ಲಿ ಹಾಲಿದೆ.

ಈ ಹೆಸರಿನವರಲ್ಲಿ ಅತಿ ಪ್ರಸಿದ್ಧಳು ಹಾಲಿದೆ ಎದಿಬ್ ಅದಿವಾರ್. ಕಾದಂಬರಿಗಾರ್ತಿ, ಭಾಷಣಗಾರ್ತಿ, ಯುದ್ಧಭೂಮಿಗೆ ಹೋದವಳು, ಪ್ರಾಧ್ಯಾಪಕಿ, ಸಂಸದೆ. ಆಕೆಯ ಸಾಧನೆಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಮೂರು ಪದಗಳ ಆ ಹೆಸರಿನಲ್ಲಿ ಮೊದಲನೆಯದು ಮಾತ್ರ ಹುಟ್ಟಿನಿಂದ ಸಾವಿನವರೆಗೆ ಬದಲಾಗಲಿಲ್ಲ. ಅದರ ಮುಂದೆ ಯಾವ ಪದ ಬರಬೇಕು ಎಂಬುದು ಆಕೆಯ ಬದುಕಿನುದ್ದಕ್ಕೂ ಬದಲಾಗುತ್ತಲೇ ಇತ್ತು. ಅಪ್ಪ, ಗಂಡ, ಸೈನ್ಯ, ಸರ್ಕಾರ, ಎಲ್ಲರೂ ಅಲ್ಲಿ ಒಂದೊಂದು ಪದ ಇಟ್ಟುಹೋದರು.

ಹಾಲಿದೆ ಹುಟ್ಟಿದ್ದು 1884ರಲ್ಲಿ, ಇಸ್ತಾಂಬುಲ್‌ನಲ್ಲಿ. ಅದು ಆಗ ಉಸ್ಮಾನಿಯಾ ಸಾಮ್ರಾಜ್ಯದ ರಾಜಧಾನಿ. ತಂದೆ ಎದಿಬ್ ಬೇ, ಸುಲ್ತಾನ್ ಎರಡನೇ ಅಬ್ದುಲ್ ಹಮೀದನ ಅರಮನೆಯಲ್ಲಿ ಅಧಿಕಾರಿ. ತಾಯಿ ಬೇಗ ತೀರಿಕೊಂಡರು. ಮಗು ಹೆಚ್ಚಾಗಿ ಬೆಳೆದದ್ದು ಅಜ್ಜಿಯ ಮನೆಯಲ್ಲಿ. ಒಂದೇ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಹೆಂಡತಿಯರಿದ್ದರೆ ಆ ಹೆಂಗಸರ ಮನಸ್ಸು, ಮಕ್ಕಳ ಮನಸ್ಸು ಏನಾಗುತ್ತದೆ ಎಂಬುದನ್ನು ಆಕೆ ಚಿಕ್ಕಂದಿನಲ್ಲೇ ಅಪ್ಪನ ಮನೆಯಲ್ಲಿ ಕಂಡಳು. ದೊಡ್ಡವಳಾದ ಮೇಲೆ ಬರೆದ ಆತ್ಮಕಥೆಯಲ್ಲಿ ಅದನ್ನು ಮುಚ್ಚಿಡಲಿಲ್ಲ.

ಆದರೆ ಅದೇ ಅಪ್ಪ ಮಗಳ ಓದಿನ ವಿಷಯದಲ್ಲಿ ತನ್ನ ಕಾಲಕ್ಕಿಂತ ಮುಂದಿದ್ದ. ಅವಳನ್ನು ಅಮೆರಿಕನ್ನರು ನಡೆಸುತ್ತಿದ್ದ ಹೆಣ್ಣುಮಕ್ಕಳ ಕಾಲೇಜಿಗೆ ಸೇರಿಸಿದ. ಮುಸ್ಲಿಂ ಹುಡುಗಿ ವಿದೇಶಿ ಶಾಲೆಗೆ ಹೋಗಬಾರದೆಂದು ಅರಮನೆಯಿಂದ ಅಪ್ಪಣೆ ಬಂದಾಗ ಬಿಡಿಸಬೇಕಾಯಿತು. ಆಗ ಮನೆಗೇ ಮೇಷ್ಟ್ರುಗಳು ಬಂದರು. ಮುಂದೆ ಮತ್ತೆ ಅದೇ ಕಾಲೇಜಿಗೆ ಹೋಗಿ, 1901ರಲ್ಲಿ ಅಲ್ಲಿಂದ ಪದವಿ ಪಡೆದ ಮೊದಲ ಮುಸ್ಲಿಂ ತುರ್ಕಿ ಹೆಣ್ಣುಮಗಳಾದಳು. ಅಷ್ಟರೊಳಗೇ ಇಂಗ್ಲಿಷಿನ ಒಂದು ಪುಸ್ತಕವನ್ನು ತುರ್ಕಿಗೆ ಅನುವಾದಿಸಿ ಸುಲ್ತಾನನ ಪದಕವನ್ನೂ ಪಡೆದಿದ್ದಳು.

ಮನೆಗೆ ಪಾಠ ಹೇಳಲು ಬಂದವರಲ್ಲಿ ಸಾಲಿಹ್ ಝೆಕಿ ಒಬ್ಬ. ನನ್ನಂಥ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಇವನ ಹೆಸರು ಕಂಡಾಗ ಕುತೂಹಲ ಹುಟ್ಟುವುದು ಸಹಜ. ಉಸ್ಮಾನಿಯಾ ಸಾಮ್ರಾಜ್ಯದಲ್ಲಿ ಆಧುನಿಕ ಗಣಿತ, ಭೌತಶಾಸ್ತ್ರ, ಖಗೋಳಶಾಸ್ತ್ರಗಳ ಬೋಧನೆಗೆ ಅಡಿಪಾಯ ಹಾಕಿದವರಲ್ಲಿ ಅವನು ಪ್ರಮುಖ. ಕಾಲೇಜು ಮುಗಿದ ವರ್ಷವೇ, ತನಗಿಂತ ಸುಮಾರು 20 ವರ್ಷ ದೊಡ್ಡವನಾದ ಈ ಗಣಿತದ ಮೇಷ್ಟ್ರನ್ನು ಹಾಲಿದೆ ಮದುವೆಯಾದಳು. ಇಬ್ಬರು ಗಂಡುಮಕ್ಕಳು ಹುಟ್ಟಿದರು. ಹೆಸರಿನ ವಿಷಯ ಮಾತಾಡುತ್ತಿರುವುದರಿಂದ ಒಂದು ಸಂಗತಿ ಹೇಳಲೇಬೇಕು. ಆಗಷ್ಟೇ ಜಪಾನ್ ಬಲಿಷ್ಠ ರಷ್ಯಾವನ್ನು ಸಮುದ್ರಯುದ್ಧದಲ್ಲಿ ಸೋಲಿಸಿತ್ತು. ಏಷ್ಯಾದ ದೇಶವೊಂದು ಗೆದ್ದ ಆ ಸುದ್ದಿಯ ಸಂತೋಷದಲ್ಲಿ ಎರಡನೇ ಮಗನ ಹೆಸರಿಗೆ ಜಪಾನಿನ ನೌಕಾಸೇನಾಪತಿ ಟೋಗೊನ ಹೆಸರನ್ನು ಸೇರಿಸಿದರು. ಇಸ್ತಾಂಬುಲ್‌ನ ಒಂದು ಮನೆಯಲ್ಲಿ ಟೋಗೊ ಎಂಬ ಮಗು ಆಡುತ್ತಿತ್ತು.

1908ರಲ್ಲಿ ಸುಲ್ತಾನನ ನಿರಂಕುಶ ಆಡಳಿತದ ವಿರುದ್ಧ ಕ್ರಾಂತಿಯಾಗಿ ಪತ್ರಿಕೆಗಳಿಗೆ ಉಸಿರು ಬಂತು. ಹಾಲಿದೆ 'ತಾನಿನ್' ಎಂಬ ದಿನಪತ್ರಿಕೆಗೆ ಲೇಖನ ಬರೆಯತೊಡಗಿದಳು. ಹೆಣ್ಣುಮಕ್ಕಳು ಓದಬೇಕು, ಹೊರಗೆ ಬರಬೇಕು ಎಂಬುದೇ ಅವುಗಳ ಸಾರ. ಆ ಲೇಖನಗಳ ಕೆಳಗೆ ಇದ್ದ ಹೆಸರು ಹಾಲಿದೆ ಸಾಲಿಹ್. ಅಂದರೆ ಗಂಡನ ಹೆಸರು ಜೊತೆಗಿತ್ತು. ಮರುವರ್ಷ ಕ್ರಾಂತಿಯ ವಿರುದ್ಧ ದಂಗೆ ಎದ್ದಾಗ ಜೀವಭಯವಾಗಿ ಮಕ್ಕಳೊಂದಿಗೆ ಈಜಿಪ್ಟ್‌ಗೆ ಹೋದಳು, ಅಲ್ಲಿಂದ ಇಂಗ್ಲೆಂಡಿಗೂ ಹೋಗಿ ಬಂದಳು.

1910ರಲ್ಲಿ ಸಾಲಿಹ್ ಝೆಕಿ ಎರಡನೇ ಹೆಂಡತಿಯನ್ನು ತರಲು ಮುಂದಾದ. ಆಗಿನ ಕಾನೂನು ಅದಕ್ಕೆ ಅಡ್ಡಿ ಮಾಡುತ್ತಿರಲಿಲ್ಲ. ಮನೆಯ ಹೆಂಗಸರು ಸುಮ್ಮನಿರುವುದೇ ರೂಢಿ. ಹಾಲಿದೆ ಸುಮ್ಮನಿರಲಿಲ್ಲ. ಮದುವೆಯನ್ನೇ ಮುರಿದುಕೊಂಡು, ಇಬ್ಬರು ಮಕ್ಕಳನ್ನು ಕರೆದುಕೊಂಡು ಹೊರಬಂದಳು. ಅಷ್ಟರಲ್ಲಿ ಹಾಲಿದೆ ಸಾಲಿಹ್ ಎಂಬ ಹೆಸರು ಓದುಗರಿಗೆ ಪರಿಚಿತವಾಗಿತ್ತು. ಬರಹಗಾರ್ತಿಗೆ ಹೆಸರೇ ಬಂಡವಾಳ. ಅದನ್ನೂ ಬಿಟ್ಟು, ಅಪ್ಪನ ಹೆಸರಿಗೆ ಮರಳಿ ಹಾಲಿದೆ ಎದಿಬ್ ಆದಳು. ಎದಿಬ್ ಎಂಬ ಅರಬ್ಬಿ ಮೂಲದ ಪದಕ್ಕೆ ಸಾಹಿತಿ ಎಂಬ ಅರ್ಥವಿದೆ. ಅಪ್ಪನ ಹೆಸರು ಮಗಳ ಕೆಲಸಕ್ಕೆ ತಾನಾಗಿ ಹೊಂದಿಕೊಂಡಿತು. ಬರವಣಿಗೆಯಿಂದ ಮತ್ತು ಶಿಕ್ಷಕಿಯ ಕೆಲಸದಿಂದ ಬದುಕು ಕಟ್ಟಿಕೊಂಡಳು. 1912ರಲ್ಲಿ ಬಂದ 'ಹಂದಾನ್' ಎಂಬ ಕಾದಂಬರಿ ಆಕೆಗೆ ದೊಡ್ಡ ಹೆಸರು ತಂದಿತು. ಆ ಕಾದಂಬರಿಗೆ ಇಟ್ಟಿದ್ದೂ ಒಬ್ಬ ಹೆಣ್ಣಿನ ಹೆಸರನ್ನೇ.

ಇಲ್ಲಿಗೆ ನಿಲ್ಲಿಸಿದರೆ ಇದು ಒಂದು ಸುಂದರ ಸ್ಫೂರ್ತಿಕಥೆ. ಆದರೆ ಮುಂದಿನ ಅಧ್ಯಾಯವನ್ನು ಬಿಟ್ಟು ಬರೆದರೆ ಅದು ಅರ್ಧಸತ್ಯವಾಗುತ್ತದೆ.

ಮೊದಲ ಮಹಾಯುದ್ಧದ ನಡುವೆ, 1915ರಿಂದ, ಉಸ್ಮಾನಿಯಾ ಸರ್ಕಾರ ಆರ್ಮೇನಿಯನ್ನರನ್ನು ಅವರ ಊರುಗಳಿಂದ ಹೊರದಬ್ಬಿತು. ಲಕ್ಷಾಂತರ ಜನ ಸತ್ತರು. ಅನಾಥರಾದ ಮಕ್ಕಳಲ್ಲಿ ನೂರಾರು ಮಂದಿಯನ್ನು ಲೆಬನಾನಿನ ಅಂತೂರಾ ಎಂಬಲ್ಲಿ, ಹಿಂದೆ ಫ್ರೆಂಚ್ ಪಾದ್ರಿಗಳ ಕಾಲೇಜಾಗಿದ್ದ ಕಟ್ಟಡದ ಅನಾಥಾಲಯದಲ್ಲಿ ಇಡಲಾಯಿತು. ಅಲ್ಲಿ ಮಕ್ಕಳ ಆರ್ಮೇನಿಯನ್ ಹೆಸರು ತೆಗೆದು ಮುಸ್ಲಿಂ ಹೆಸರು ಕೊಡುತ್ತಿದ್ದರು, ಜೊತೆಗೊಂದು ಸಂಖ್ಯೆ. ತಮ್ಮ ಭಾಷೆ ಆಡಿದರೆ ಶಿಕ್ಷೆ. ಆ ಮಕ್ಕಳಲ್ಲಿ ಒಬ್ಬನಾದ ಕರ್ನಿಗ್ ಪನಿಯಾನ್ ದೊಡ್ಡವನಾದ ಮೇಲೆ ಇದನ್ನೆಲ್ಲ ನೆನಪಿನ ಪುಸ್ತಕವಾಗಿ ಬರೆದಿದ್ದಾನೆ.

ಆ ಪ್ರದೇಶದ ಅಧಿಪತಿಯಾಗಿದ್ದ ಜೆಮಾಲ್ ಪಾಷಾ ಶಾಲೆಗಳ ಸಂಘಟನೆಗಾಗಿ ಹಾಲಿದೆಯನ್ನು ಕರೆಸಿಕೊಂಡಿದ್ದ. ಆರ್ಮೇನಿಯನ್ ಮಕ್ಕಳಿಗೆ ಮುಸ್ಲಿಂ ಹೆಸರು ಇಡುವುದೇಕೆ ಎಂದು ತಾನು ಪಾಷಾನನ್ನು ಪ್ರಶ್ನಿಸಿದ್ದಾಗಿ ಆಕೆ ಆತ್ಮಕಥೆಯಲ್ಲಿ ಬರೆದಿದ್ದಾಳೆ. ಪ್ರಶ್ನಿಸಿದ್ದು ನಿಜವಿರಬಹುದು. ಆದರೂ ಮುಂದೆ ಕೆಲವು ತಿಂಗಳು ಅದೇ ಅನಾಥಾಲಯದ ಹೊಣೆ ಹೊತ್ತಳು. ಮಕ್ಕಳಿಗೆ ಅನ್ನ, ಔಷಧ, ಪಾಠ ಸಿಕ್ಕಿತು ಎಂದು ಕೆಲವರು ಆಕೆಯ ಪರವಾಗಿ ಹೇಳುತ್ತಾರೆ. ಹೆಸರು ಕಸಿಯುವ ವ್ಯವಸ್ಥೆಗೆ ಕೈಜೋಡಿಸಿದಳು ಎಂದು ಇತಿಹಾಸಕಾರರಲ್ಲಿ ಹಲವರು ದೂರುತ್ತಾರೆ. ನನಗೆ ಎರಡನೆಯ ಮಾತೇ ಭಾರವೆನ್ನಿಸುತ್ತದೆ. ಗಂಡನ ಹೆಸರು ಕಳಚಿ ತನ್ನದನ್ನು ಮರಳಿ ಪಡೆಯುವುದು ಎಷ್ಟು ಕಷ್ಟವೆಂದು ಆ ಕಟ್ಟಡದಲ್ಲಿ ಆಕೆಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಆಕೆಗೆ ಮಾತಾಡಲು ಒಬ್ಬ ಪಾಷಾ ಇದ್ದ. ಆ ಮಕ್ಕಳಿಗೆ ಯಾರೂ ಇರಲಿಲ್ಲ.

1917ರಲ್ಲಿ ಹಾಲಿದೆ ವೈದ್ಯನಾದ ಡಾ. ಅದ್ನಾನ್‌ನನ್ನು ಮದುವೆಯಾದಳು. ಈ ಸಲ ಗಂಡನ ಹೆಸರನ್ನು ಸೇರಿಸಿಕೊಳ್ಳಲಿಲ್ಲ, ಹಾಲಿದೆ ಎದಿಬ್ ಆಗಿಯೇ ಉಳಿದಳು. ಯುದ್ಧದಲ್ಲಿ ಸಾಮ್ರಾಜ್ಯ ಸೋತಿತು. 1919ರ ಮೇ ತಿಂಗಳಲ್ಲಿ ಗ್ರೀಕ್ ಸೈನ್ಯ ಇಝ್ಮಿರ್ ನಗರಕ್ಕೆ ಬಂದಿಳಿದಾಗ ಇಸ್ತಾಂಬುಲ್‌ನ ಸುಲ್ತಾನ್ ಅಹ್ಮದ್ ಚೌಕದಲ್ಲಿ ಭಾರಿ ಜನ ಸೇರಿದರು. ಆ ಜನಸಾಗರದ ಎದುರು ಕಪ್ಪು ಉಡುಪಿನಲ್ಲಿ ನಿಂತು ಹಾಲಿದೆ ಮಾಡಿದ ಭಾಷಣವನ್ನು ತುರ್ಕಿಯ ಶಾಲಾಮಕ್ಕಳು ಇಂದಿಗೂ ಪಾಠದಲ್ಲಿ ಓದುತ್ತಾರೆ. ಮರುವರ್ಷ ಬ್ರಿಟಿಷರು ನಗರವನ್ನು ವಶಪಡಿಸಿಕೊಂಡಾಗ ಗಂಡ ಹೆಂಡತಿ ವೇಷ ಮರೆಸಿಕೊಂಡು ಅಂಕಾರಾದ ದಾರಿ ಹಿಡಿದರು. ಆ ದಾರಿಯ ಒಂದು ರೈಲು ನಿಲ್ದಾಣದಲ್ಲಿ, ಪತ್ರಕರ್ತ ಯೂನುಸ್ ನಾದಿಯ ಜೊತೆ ಕುಳಿತು, ದೇಶಕ್ಕೊಂದು ಸುದ್ದಿಸಂಸ್ಥೆ ಬೇಕೆಂದು ಯೋಚಿಸಿ ಅದಕ್ಕೆ 'ಅನಾದೋಲು' ಎಂಬ ಹೆಸರನ್ನು ಆರಿಸಿದರು. ಇಂದಿಗೂ ಜಗತ್ತಿಗೆ ಸುದ್ದಿ ಕೊಡುತ್ತಿರುವ ಅನಾದೋಲು ಏಜೆನ್ಸಿ ಅದೇ.

1920ರ ಮೇ ತಿಂಗಳಲ್ಲಿ ಇಸ್ತಾಂಬುಲ್‌ನ ಸುಲ್ತಾನನ ಸರ್ಕಾರ ಮುಸ್ತಫಾ ಕೆಮಾಲ್ ಮತ್ತು ಸಂಗಡಿಗರಿಗೆ ಅವರಿಲ್ಲದಾಗಲೇ ಮರಣದಂಡನೆ ವಿಧಿಸಿತು. ಆ ಪಟ್ಟಿಯಲ್ಲಿದ್ದ ಹೆಣ್ಣಿನ ಹೆಸರು ಹಾಲಿದೆಯದು. ಆಕೆ ಹೆದರಿ ಹಿಂದೆ ಸರಿಯಲಿಲ್ಲ. ಗಾಯಾಳುಗಳ ಆರೈಕೆ, ಅನುವಾದ, ವರದಿ ಬರೆಯುವ ಕೆಲಸ ಮಾಡಿದಳು. 1921ರ ಸಕಾರ್ಯ ಕದನದ ಹೊತ್ತಿಗೆ ಸೈನ್ಯಕ್ಕೇ ಸೇರಿದಳು. ಅಲ್ಲಿ ಕೊಟ್ಟದ್ದು ಕಾರ್ಪೊರಲ್ ದರ್ಜೆ, ತುರ್ಕಿಯಲ್ಲಿ 'ಓನ್‌ಬಾಶಿ'. ಹತ್ತು ಜನರ ಮುಖ್ಯಸ್ಥ ಎಂದು ಅದರ ಅರ್ಥ. ಹೀಗೆ ಜನರ ಬಾಯಲ್ಲಿ ಹಾಲಿದೆ ಓನ್‌ಬಾಶಿ ಆದಳು. ಆ ಅನುಭವದಿಂದ ಹುಟ್ಟಿದ 'ಅತೆಶ್ತೆನ್ ಗೊಮ್ಲೆಕ್', ಅಂದರೆ ಬೆಂಕಿಯ ಅಂಗಿ, ಎಂಬ ಕಾದಂಬರಿ 1923ರಲ್ಲಿ ಸಿನಿಮಾ ಆದಾಗ, ಮುಸ್ಲಿಂ ತುರ್ಕಿ ಹೆಣ್ಣುಮಕ್ಕಳು ಮೊದಲ ಬಾರಿಗೆ ತೆರೆಯ ಮೇಲೆ ಕಾಣಿಸಿಕೊಂಡರು.

ಗೆಲುವಿನ ನಂತರ ಗಣರಾಜ್ಯ ಬಂತು. ಜೊತೆಗೆ ಭಿನ್ನಾಭಿಪ್ರಾಯವೂ ಬಂತು. ಅದ್ನಾನ್ ಸೇರಿದ್ದ ವಿರೋಧ ಪಕ್ಷವನ್ನು 1925ರಲ್ಲಿ ಮುಚ್ಚಿಸಲಾಯಿತು. ಮರಣದಂಡನೆಯ ಪಟ್ಟಿಯಲ್ಲಿ ಮುಸ್ತಫಾ ಕೆಮಾಲ್ ಜೊತೆ ಹೆಸರಿದ್ದವಳು, ಆತನೇ ಅಧ್ಯಕ್ಷನಾದ ದೇಶವನ್ನು ಗಂಡನೊಂದಿಗೆ ಬಿಡಬೇಕಾಯಿತು. ಇಂಗ್ಲೆಂಡ್, ಫ್ರಾನ್ಸ್‌ಗಳಲ್ಲಿ ವರ್ಷಗಟ್ಟಲೆ ವಾಸ. ಅಮೆರಿಕದಲ್ಲಿ ಉಪನ್ಯಾಸ. ಆತ್ಮಕಥೆಯ ಎರಡು ಸಂಪುಟಗಳನ್ನು ಇಂಗ್ಲಿಷಿನಲ್ಲೇ ಬರೆದಳು.

ಭಾರತಕ್ಕೂ ಬಂದಿದ್ದಳು ಎಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿದಿಲ್ಲ. ಬಾಲ್ಕನ್ ಯುದ್ಧದ ಸಮಯದಲ್ಲಿ, 1912ರಲ್ಲಿ, ಭಾರತದಿಂದ ತುರ್ಕಿಗೆ ಒಂದು ವೈದ್ಯಕೀಯ ತಂಡ ಹೋಗಿತ್ತು. ಅದರ ನಾಯಕ ಡಾ. ಎಂ.ಎ. ಅನ್ಸಾರಿ. ಅವರ ಆಹ್ವಾನದ ಮೇರೆಗೆ 1935ರಲ್ಲಿ ಹಾಲಿದೆ ದೆಹಲಿಯ ಜಾಮಿಯಾ ಮಿಲಿಯಾದಲ್ಲಿ ಸರಣಿ ಉಪನ್ಯಾಸ ಕೊಟ್ಟಳು. ಅವುಗಳಲ್ಲೊಂದಕ್ಕೆ ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದರು. ದೇಶದ ಹಲವು ನಗರಗಳನ್ನು ಸುತ್ತಿ, ಕಂಡದ್ದನ್ನೆಲ್ಲ 'ಇನ್‌ಸೈಡ್ ಇಂಡಿಯಾ' ಎಂಬ ಪುಸ್ತಕವಾಗಿ 1937ರಲ್ಲಿ ಪ್ರಕಟಿಸಿದಳು.

ಆಕೆ ಹೊರಗಿದ್ದಾಗಲೇ ತುರ್ಕಿಯಲ್ಲಿ ಇನ್ನೊಂದು ಬದಲಾವಣೆಯಾಯಿತು. ಅಲ್ಲಿಯವರೆಗೆ ಅಲ್ಲಿನ ಹೆಚ್ಚಿನ ಜನರಿಗೆ ಮನೆತನದ ಹೆಸರು, ಅಂದರೆ ಸರ್‌ನೇಮ್, ಇರಲಿಲ್ಲ. ಗಂಡಸಿಗೆ ಬೇ, ಎಫೆಂದಿ, ಹೆಂಗಸಿಗೆ ಹಾನಿಮ್ ಎಂದು ಸೇರಿಸಿದರೆ ಆಗಿತ್ತು. 1934ರ ಜೂನ್ 21ರಂದು ಸಂಸತ್ತು ಕಾನೂನು ಮಾಡಿ, ಪ್ರತಿಯೊಬ್ಬರೂ ಸರ್‌ನೇಮ್ ಇಟ್ಟುಕೊಳ್ಳಬೇಕೆಂದಿತು. ಮುಸ್ತಫಾ ಕೆಮಾಲ್‌ಗೆ ಅತಾತುರ್ಕ್, ತುರ್ಕರ ತಂದೆ, ಎಂಬ ಹೆಸರು ಬಂದದ್ದು ಹೀಗೆಯೇ. ಅದ್ನಾನ್ ಮತ್ತು ಹಾಲಿದೆಗೆ ಬಂದ ಸರ್‌ನೇಮ್ ಅದಿವಾರ್.

ತುರ್ಕಿ ಭಾಷೆಯಲ್ಲಿ 'ಅದ್' ಎಂದರೆ ಹೆಸರು. 'ವಾರ್' ಎಂದರೆ ಇದೆ, ಉಂಟು. ನಡುವಿನ 'ಇ' ಅವನ ಅಥವಾ ಅವಳ ಎಂಬುದನ್ನು ಸೂಚಿಸುತ್ತದೆ. ಆ ಭಾಷೆಯಲ್ಲಿ ಅವನು, ಅವಳು ಎಂಬ ಭೇದವಿಲ್ಲ, ಎರಡಕ್ಕೂ ಒಂದೇ ಪದ. ಆದ್ದರಿಂದ ಅದಿವಾರ್ ಎಂದರೆ ಅವನಿಗೆ ಹೆಸರಿದೆ ಎಂದೂ ಆಗುತ್ತದೆ, ಅವಳಿಗೆ ಹೆಸರಿದೆ ಎಂದೂ ಆಗುತ್ತದೆ. ಹೆಸರು ಕಳೆದುಕೊಂಡು, ಬಿಟ್ಟುಕೊಟ್ಟು, ಮರಳಿ ಪಡೆದವಳಿಗೆ ಕೊನೆಗೆ ಸಿಕ್ಕ ಸರ್‌ನೇಮ್ ಇದು! ಆದರೆ ಇಲ್ಲೊಂದು ವಿಪರ್ಯಾಸವಿದೆ. ಆ ಕಾನೂನಿನ ಪ್ರಕಾರ ಸರ್‌ನೇಮ್ ಆರಿಸುವ ಹಕ್ಕು ಮನೆಯ ಯಜಮಾನನಾದ ಗಂಡನದು. ಅವಳಿಗೆ ಹೆಸರಿದೆ ಎಂದು ಹೇಳುವ ಹೆಸರನ್ನೂ ಅವಳು ತಾನಾಗಿ ಬರೆಸಿಕೊಳ್ಳುವಂತಿರಲಿಲ್ಲ.

ಇದೆಲ್ಲ ದೂರದ ದೇಶದ ಹಳೆಯ ಕಥೆ ಎನ್ನಬೇಡಿ. ಕನ್ನಡಿಗರಾದ ನಮ್ಮಲ್ಲಿ ಅನೇಕರಿಗೆ ಇಂದಿಗೂ ಸರ್‌ನೇಮ್ ಇಲ್ಲ. ಇರುವುದು ಊರಿನ ಮತ್ತು ಅಪ್ಪನ ಇನಿಷಿಯಲ್. ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಊರು, ಅಪ್ಪ, ಮಗ ಮೂವರೂ ಇದ್ದಾರೆ, ಸರ್‌ನೇಮ್ ಇಲ್ಲ. ಆನ್‌ಲೈನ್ ಅರ್ಜಿಯಲ್ಲಿ ಕೆಂಪು ನಕ್ಷತ್ರ ಹಾಕಿದ ಸರ್‌ನೇಮ್ ಕಾಲಂ ಎದುರಾದಾಗ ಏನು ತುಂಬಬೇಕೆಂದು ತಿಳಿಯದೆ ಕೂತವರು ನಿಮ್ಮಲ್ಲೂ ಇದ್ದೀರಿ.

ಹೆಣ್ಣುಮಕ್ಕಳಿಗೆ ಇದು ಎರಡು ಪಟ್ಟು. ನನ್ನ ಅಕ್ಕನ ಎಸ್ಸೆಸ್ಸೆಲ್ಸಿಯಿಂದ ಎಂ.ಕಾಂವರೆಗಿನ ಮಾರ್ಕ್ಸ್ ಕಾರ್ಡುಗಳಲ್ಲಿ ಅವಳ ಹೆಸರಿನ ಜೊತೆ ಇರುವುದು ಅಪ್ಪನ ಇನಿಷಿಯಲ್. ಕಳೆದ ವರ್ಷ ಮದುವೆಯಾದ ಮೇಲೆ ಆಧಾರ್‌ನಲ್ಲಿ ಭಾವನ ಹೆಸರು ಸೇರಿತು. ಒಂದು ಕೆಲಸಕ್ಕೆ ಆಯ್ಕೆಯಾಗಿ ದಾಖಲೆ ಪರಿಶೀಲನೆಗೆ ಹೋದಾಗ, ಈ ಇಬ್ಬರೂ ಒಬ್ಬಳೇ ಎಂಬುದಕ್ಕೆ ಅಫಿಡವಿಟ್ ತರಲು ಹೇಳಿದರು. ಅದನ್ನು ಮಾಡಿಸಿ ತರುವಷ್ಟರಲ್ಲಿ ಕೊನೆಯ ದಿನ ದಾಟಿತ್ತು. ಅಷ್ಟು ವರ್ಷಗಳ ಓದು ಒಂದು ಇನಿಷಿಯಲ್‌ಗೆ ಸಿಕ್ಕಿ ನಿಂತುಬಿಟ್ಟಿತು. ಅಕ್ಕ ಆಧಾರ್‌ನ ಹೆಸರನ್ನು ಮಾರ್ಕ್ಸ್ ಕಾರ್ಡಿನಲ್ಲಿ ಇರುವಂತೆಯೇ ಮತ್ತೆ ತಿದ್ದಿಸಿದಳು. ಅದಕ್ಕಾಗಿ ಎರಡೂ ಮನೆಗಳಲ್ಲಿ ಒಂದು ವಾರ ಮಾತುಕತೆ ನಡೆಯಿತು. ಮದುವೆಯಾದ ಹೆಣ್ಣು ಹೆಸರು ಬದಲಿಸಲೇಬೇಕು ಎಂಬ ಕಾನೂನು ನಮ್ಮ ದೇಶದಲ್ಲಿ ಇಲ್ಲ ಎಂಬುದು ಆ ವಾರದವರೆಗೆ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ತುರ್ಕಿಯಲ್ಲಿ ಅಂಥ ಕಾನೂನು ಇತ್ತು. ಹೆಂಡತಿ ಗಂಡನ ಸರ್‌ನೇಮ್ ತೆಗೆದುಕೊಳ್ಳಲೇಬೇಕೆಂಬ ಆ ನಿಯಮವನ್ನು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ರದ್ದು ಮಾಡಿದ್ದು 2023ರಲ್ಲಿ. ಹಾಲಿದೆ ತೀರಿಕೊಂಡು ಆಗಲೇ ಅರ್ಧ ಶತಮಾನ ದಾಟಿತ್ತು.

ಅತಾತುರ್ಕ್ ತೀರಿಕೊಂಡ ಮೇಲೆ, 1939ರಲ್ಲಿ, ಹಾಲಿದೆ ತಾಯ್ನಾಡಿಗೆ ಮರಳಿದಳು. ಇಸ್ತಾಂಬುಲ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕಿಯಾಗಿ ಆ ವಿಭಾಗವನ್ನು ಕಟ್ಟಿದಳು. 1950ರಿಂದ 1954ರವರೆಗೆ ಇಝ್ಮಿರ್‌ನಿಂದ ಸಂಸತ್ ಸದಸ್ಯೆಯಾಗಿದ್ದಳು. 1955ರಲ್ಲಿ ಅದ್ನಾನ್ ತೀರಿಕೊಂಡ. 1964ರ ಜನವರಿ 9ರಂದು ಹಾಲಿದೆಯೂ ಇಸ್ತಾಂಬುಲ್‌ನಲ್ಲಿ ಕಣ್ಣುಮುಚ್ಚಿದಳು.

ಆಕೆಯ ಬದುಕಿನಿಂದ ನಾನು ತೆಗೆದುಕೊಂಡದ್ದು ಎರಡು. ನಮ್ಮ ಹೆಸರು ನಮ್ಮ ಓದಿನ, ದುಡಿಮೆಯ ಗುರುತು, ಅದನ್ನು ಬದಲಿಸುವ ಮುನ್ನ ಬೇರೆಯವರ ಸಂಕೋಚಕ್ಕಿಂತ ನಮ್ಮ ಇಷ್ಟವನ್ನು ಕೇಳಿಕೊಳ್ಳಬೇಕು. ಇನ್ನೊಂದು, ನಮಗೆ ಸಿಕ್ಕ ಹಕ್ಕು ನಮ್ಮ ಕೈಕೆಳಗಿನವರಿಗೂ ಸಿಗುವಂತೆ ನೋಡಿಕೊಳ್ಳಬೇಕು. ಹಾಲಿದೆ ಮೊದಲನೆಯದನ್ನು ಸಾಧಿಸಿದಳು. ಅಂತೂರಾದಲ್ಲಿ ಎರಡನೆಯದರಲ್ಲಿ ಸೋತಳು.

ಶುಕ್ರ ಗ್ರಹದ ಮೇಲಿನ ಕುಳಿಗಳಿಗೆ ಹೆಣ್ಣಿನ ಹೆಸರನ್ನೇ ಇಡುವ ನಿಯಮವಿದೆ. 20 ಕಿಲೋಮೀಟರಿಗಿಂತ ದೊಡ್ಡ ಕುಳಿಗಳಿಗೆ ಸಾಧಕಿಯರ ಹೆಸರು, ಚಿಕ್ಕವಕ್ಕೆ ಬೇರೆಬೇರೆ ಭಾಷೆಗಳ ಸಾಮಾನ್ಯ ಹುಡುಗಿಯರ ಹೆಸರು. ದೊಡ್ಡ ಕುಳಿಗಳಲ್ಲಿ ಒಂದಕ್ಕೆ ಅದಿವಾರ್ ಎಂದು ಹೆಸರಿಟ್ಟಿದ್ದಾರೆ. ಅಜ್ಜಿಯ ಮನೆಯಲ್ಲಿ ಆಕೆಯನ್ನು ಕರೆಯುತ್ತಿದ್ದ 'ಹಾಲಿದೆ' ಆ ನಕ್ಷೆಯ ಹೆಸರಿನಲ್ಲಿ ಸೇರಿಲ್ಲ.